ಒಂದೇ ಹೊಟ್ಟೆಯ ಎರಡು ಇಲಿ

ನಮ್ಮೂರಿಗೆ ಹೊಸದಾಗಿ ಬಂದವರು ಮೊದಲು ಬಾಡಿಗೆಗೆ ಮನೆ ಹುಡುಕುತ್ತಾರೆ, ಆಮೇಲೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಮನೆ ಸಿಕ್ಕಿತು ಅಂದರೆ ಅದರ ಜೊತೆಗೆ ಹಾವೂ ಸಿಕ್ಕಿತು ಅಂತಲೇ ಲೆಕ್ಕ. ಅಡುಗೆಮನೆಯ ಮೂಲೆಯಲ್ಲಿ ಒಂದು ಮಣ್ಣಿನ ಗುಡಾಣ, ಅದರೊಳಗೆ ಸುರುಳಿ ಸುತ್ತಿಕೊಂಡು ಮಲಗಿದ ಮನೆಹಾವು. ಅದಕ್ಕೆ ಏನು ಹಾಕುವುದು ಅಂತ ಪಕ್ಕದ ಮನೆಯವರನ್ನು ಕೇಳಿದರೆ ಎಲ್ಲರೂ ಹೇಳುವುದು ಒಂದೇ ಮಾತು: "ಸಂತೆಬೀದಿ ಕೊನೇಲಿ ಇಲಿ ದೇವೀರಮ್ಮ ಅಂತ ಇದಾಳೆ, ಹೋಗಿ ಕೇಳಿ. ಬೈತಾಳೆ, ಬೈಸ್ಕೊಳ್ಳಿ. ಆದ್ರೆ ಅವಳು ಕೊಟ್ಟಿದ್ದು ಸರಿಯಾಗಿರುತ್ತೆ." ಆ ದೇವೀರಮ್ಮ ನಾನೇ. ಬೈಯುವುದೂ ನಿಜ, ಕೊಟ್ಟಿದ್ದು ಸರಿಯಾಗಿರುವುದೂ ನಿಜ.

ಹಾವು ಏನು ತಿನ್ನುತ್ತದೋ ಮನೆಯವರೂ ಅಲ್ಲಿ ಉಣ್ಣಲು ಕೂತ ನೆಂಟರೂ ಹಾಗೆ ಆಗುತ್ತಾರೆ, ಅದರ ಮುಂದಿನ ಊಟದ ತನಕ. ಇದು ಊರಿನ ಮಕ್ಕಳಿಗೂ ಗೊತ್ತು, ಆದರೂ ದೊಡ್ಡವರು ಮರೆಯುತ್ತಾರೆ. ಟೈಲರ್ ಅಂಗಡಿಯವನು ಪುಕ್ಕಟೆ ಸಿಕ್ಕಿತು ಅಂತ ತನ್ನ ಹಾವಿಗೆ ಅಳಿಲು ಹಾಕಿದ. ಆ ಹದಿನೈದು ದಿನ ಅವನ ಮನೆಯಲ್ಲಿ ಒಬ್ಬರಿಟ್ಟದ್ದು ಇನ್ನೊಬ್ಬರಿಗೆ ಸಿಗಲಿಲ್ಲ. ಗಿರಾಕಿಗಳ ರವಿಕೆಯೆಲ್ಲ ಅಕ್ಕಿ ಡಬ್ಬದೊಳಗೆ ಸೇರಿಕೊಂಡಿತ್ತು. ದೋಸೆ ಹೋಟೆಲಿನವನು ಸೋಮಾರಿತನಕ್ಕೆ ಗೋಡೆಯ ಮೇಲಿನ ಹಲ್ಲಿ ಹಿಡಿದು ಹಾಕಿದ. ಬೀದಿಯಲ್ಲಿ ಲಾರಿ ಹಾರನ್ ಹೊಡೆದರೆ ಸಾಕು, ಅವನೂ ಅವನ ಹೆಂಡತಿಯೂ ಕಾವಲಿಯ ಮೇಲಿನ ದೋಸೆಯನ್ನು ಅಲ್ಲೇ ಬಿಟ್ಟು ಓಡಿಹೋಗುತ್ತಿದ್ದರು. ಕಪ್ಪೆ ಹಾಕಿದ ಮನೆಯವರು ಮೋಡ ಕವಿದರೆ ಮಾತು ನಿಲ್ಲಿಸುವುದಿಲ್ಲ. ಇಂಥವರೆಲ್ಲ ಕೊನೆಗೆ ಕೈಮುಗಿದುಕೊಂಡು ಬರುವುದು ನನ್ನ ಅಂಗಡಿಗೆ.

ಇಲಿ ಆರಿಸುವುದು ಸುಮ್ಮನೆ ಅಂದುಕೊಂಡಿರಾ? ಮೊದಲು ಹಾವಿನ ನಡು ನೋಡಬೇಕು. ಅದರ ನಡುವಿಗಿಂತ ದಪ್ಪದ ಇಲಿ ಹಾಕಿದರೆ ಕಕ್ಕಿಬಿಡುತ್ತದೆ, ಇಲ್ಲವೇ ಒದ್ದಾಡಿ ಸಾಯುತ್ತದೆ. ಕಣ್ಣು ಹಾಲು ಬಿದ್ದ ಹಾಗೆ ಮಸುಕಾಗಿದ್ದರೆ ಪೊರೆ ಬಿಡುವ ಕಾಲ, ಆಗ ಏನೂ ಹಾಕಬಾರದು. ಬೀದಿಯಲ್ಲಿ ಹಿಡಿದ ಇಲಿ ಬೇಡವೇ ಬೇಡ, ಯಾವ ಗೋಡೌನಿನಲ್ಲಿ ಯಾವ ಪಾಷಾಣ ತಿಂದು ಬಂದಿರುತ್ತದೋ ಯಾರಿಗೆ ಗೊತ್ತು! ನನ್ನ ಇಲಿಗಳು ನನ್ನ ಕಣ್ಣ ಮುಂದೆ ಹುಟ್ಟಿ, ನಾನು ಹಾಕಿದ ರಾಗಿ ತಿಂದು ಬೆಳೆದವು. ಅವುಗಳ ಗುಣ ನೋಡುವುದಕ್ಕೆ ನಾನು ಒಂದು ಕಡಲೆಬೀಜ ಎಸೆಯುತ್ತೇನೆ. ಯಾವುದು ನುಗ್ಗಿ ಬರುತ್ತದೆ, ಯಾವುದು ಹೆದರಿ ಮೂಲೆ ಸೇರುತ್ತದೆ, ಯಾವುದು ಕಚ್ಚಿಕೊಂಡು ಹೋಗಿ ತಾನೊಂದೇ ತಿನ್ನುತ್ತದೆ ಅಂತ ನೋಡಿದರೆ ಮನುಷ್ಯರ ಜಾತಕ ನೋಡಿದ ಹಾಗೇ. ಇನ್ನು ಎಲ್ಲಕ್ಕಿಂತ ದೊಡ್ಡ ಮಾತು, ಜೀವಂತ ಇಲಿಯನ್ನು ಹಾವಿನ ಜೊತೆ ಬಿಟ್ಟು ಮುಚ್ಚಳ ಹಾಕಬಾರದು. ಮೂಲೆಗೆ ಸಿಕ್ಕಿಕೊಂಡ ಇಲಿ ಹಾವನ್ನೇ ಕಚ್ಚಿ ತಿನ್ನುತ್ತದೆ. ಒಂದೇ ಏಟಿಗೆ, ಅದಕ್ಕೆ ನೋವಾಗದ ಹಾಗೆ ಕೊಂದು, ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಇಕ್ಕಳದಲ್ಲಿ ಹಿಡಿದು ಕೊಡಬೇಕು. ಇದನ್ನು ನಾನು ಊರಲ್ಲಿ ಎಲ್ಲರಿಗೂ ಗಂಟಲು ಹರಿಯುವ ಹಾಗೆ ಹೇಳಿದ್ದೇನೆ.

ಮದುವೆ ಸಂಬಂಧ ಕೂಡಿಬಂದಾಗ ನನ್ನ ಕೆಲಸ ಇನ್ನೂ ಹೆಚ್ಚು. ಹೆಣ್ಣಿನ ಮನೆ, ಗಂಡಿನ ಮನೆ, ಎರಡೂ ಹಾವಿಗೆ ಒಂದೇ ದಿನ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಎರಡು ಇಲಿ ಹಾಕಬೇಕು. ಆಗ ಮದುವೆ ಮುಗಿಯುವ ತನಕ ಎರಡೂ ಮನೆಯವರ ಬುದ್ಧಿ ಒಂದೇ ದಾರಿಯಲ್ಲಿ ಓಡುತ್ತದೆ, ಊಟದ ಎಲೆ ಮುಂದೆ ಜಗಳ ಆಗುವುದಿಲ್ಲ. ಎರಡೂ ಹಾವು ತಿಂದರೆ ಸಂಬಂಧ ಗಟ್ಟಿ. ಒಂದು ತಿನ್ನದೆ ಹೋದರೂ ಸಂಬಂಧ ಮುರಿಯಿತು, ಮತ್ತೆ ಎತ್ತುವ ಹಾಗಿಲ್ಲ. ಆ ಇಲಿಗಳನ್ನು ಮಾತ್ರ ಜೀವಂತವಾಗಿಯೇ ಒಂದೇ ಬುಟ್ಟಿಯಲ್ಲಿ ನನ್ನ ಅಂಗಡಿಯಿಂದ ಹುಡುಗಿಯ ಅಪ್ಪ ಹೊತ್ತುಕೊಂಡು ಹೋಗುವುದು ಪದ್ಧತಿ. ನಾನು ಹಿಂದಿನಿಂದ ಇಕ್ಕಳ ಹಿಡಿದುಕೊಂಡು ಹೋಗಿ ಮುಂದಿನ ಕೆಲಸ ಮಾಡುತ್ತೇನೆ.

ಈ ಸಲ ಕೂಡಿಬಂದಿದ್ದು ಬೀಗದ ಜವರಪ್ಪನ ಮಗಳು ವನಜಳಿಗೂ ಎಣ್ಣೆ ಗಾಣದ ತಿಮ್ಮಾಜಮ್ಮನ ಮಗ ಕೆಂಪರಾಜನಿಗೂ. ಜವರಪ್ಪ ಬೀಗ ರಿಪೇರಿ ಮಾಡುವವನು. ತುಕ್ಕು ಹಿಡಿದ ಬೀಗಕ್ಕೆ ಬಿಡುವುದಕ್ಕೆ ಎಣ್ಣೆ ಬೇಕಲ್ಲ, ಅದನ್ನು ತರುವುದಕ್ಕೆ ವನಜ ಗಾಣಕ್ಕೆ ಹೋಗುತ್ತಿದ್ದಳು. ಎಷ್ಟು ಎಣ್ಣೆ ಬೇಕಾದೀತು ಬೀಗಕ್ಕೆ? ಅವಳು ತಂದ ಎಣ್ಣೆಯಲ್ಲಿ ಊರಿನ ಬೀಗವೆಲ್ಲ ಮುಳುಗಿಸಬಹುದಿತ್ತು. ನಾನು ನೋಡಿ ನಗುತ್ತಿದ್ದೆ, ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಓಡುತ್ತಿದ್ದಳು. ಹುಡುಗನೂ ಒಳ್ಳೆಯವನು. ಕಷ್ಟ ಇದ್ದದ್ದು ಅವನ ತಾಯಿಯಲ್ಲಿ.

ತಿಮ್ಮಾಜಮ್ಮ ತನ್ನ ಹಾವಿಗೆ ಹೆಗ್ಗಣ ಬಿಟ್ಟು ಬೇರೆ ಹಾಕಿದವಳಲ್ಲ. ಅದೂ ಎಂಥ ಹೆಗ್ಗಣ, ಕಡಲೆಬೀಜ ಎಸೆದರೆ ನನ್ನ ಕೈಯನ್ನೇ ಕಚ್ಚಲು ಬರುವಂಥದ್ದು. ಅವಳ ಹಾವು ಒನಕೆಯಷ್ಟು ದಪ್ಪ. ಆ ಮನೆಗೆ ಊಟಕ್ಕೆ ಹೋದವರು ತಮ್ಮ ಎಲೆಯನ್ನು ತೋಳಿನಿಂದ ಬಳಸಿಕೊಂಡು ಕೂರಬೇಕು, ಇಲ್ಲದಿದ್ದರೆ ಪಕ್ಕದವನು ಹೋಳಿಗೆ ಎತ್ತಿಕೊಂಡುಬಿಡುತ್ತಾನೆ. ಗಾಣದ ವ್ಯಾಪಾರವೂ ಹಾಗೇ ಬೆಳೆಯಿತು, ಆ ಮಾತು ಬೇರೆ. ಆಕೆಯ ಗಂಡ ಚೆಲುವಯ್ಯ ಪಾಪದವನು. ಹೆಗ್ಗಣದ ಗುಣ ಮೈಮೇಲೆ ಬಂದಾಗಲೂ ಅವನು ಕಿತ್ತುಕೊಳ್ಳುವುದು ಒಂದು ಹಪ್ಪಳ, ಅಷ್ಟೇ.

ಜವರಪ್ಪನ ಮನೆಯದು ಇದಕ್ಕೆ ಪೂರ್ತಿ ಉಲ್ಟಾ. ಹೆಂಡತಿ ಸತ್ತಾಗ ವನಜ ಇನ್ನೂ ಮೊಲೆ ಬಿಟ್ಟಿರಲಿಲ್ಲ. ಆಗ ಅವನು ಅಂಗಡಿಗೆ ಬಂದು, "ದೇವೀರಕ್ಕ, ತಾನು ತಿನ್ನದೆ ಮರಿಗೆ ಬಿಡುತ್ತಲ್ಲ, ಅಂಥ ಇಲಿ ಕೊಡು. ನಾನು ಒಬ್ನೇ ಈ ಕೂಸು ಸಾಕ್ಬೇಕು," ಅಂದಿದ್ದ. ಅವತ್ತಿನಿಂದ ಅವನ ಹಾವಿಗೆ ನಾನು ಅಂಥವನ್ನೇ ಆರಿಸಿ ಕೊಟ್ಟಿದ್ದೇನೆ, ಕಡಲೆಬೀಜ ಎಸೆದರೆ ಹಿಂದೆ ಸರಿದು ಬೇರೆಯವಕ್ಕೆ ದಾರಿ ಬಿಡುವಂಥವು. ಮಗು ಚೆನ್ನಾಗಿ ಬೆಳೆಯಿತು. ಆದರೆ ಮಗು ದೊಡ್ಡದಾದ ಮೇಲೆ ಅದಕ್ಕೂ ಅದೇ ಗುಣ. ಅಪ್ಪ ಮಗಳಿಗೆ ಅಂತ ಎತ್ತಿಡುತ್ತಾನೆ, ಮಗಳು ಅಪ್ಪನಿಗೆ ಅಂತ ಎತ್ತಿಡುತ್ತಾಳೆ, ಬೆಳಗ್ಗೆ ಎದ್ದು ನೋಡಿದರೆ ಮುದ್ದೆ ಹಾಗೇ ಕೂತಿರುತ್ತದೆ. ಬೇರೆ ತರಹದ ಇಲಿ ಕೊಡುತ್ತೇನೆ ಅಂದರೆ ಇಬ್ಬರೂ ಬೇಡ ಅನ್ನುತ್ತಿದ್ದರು. ಅವರ ಹಾವೂ ಅಷ್ಟೇ, ಎರಡು ಹೆಬ್ಬೆರಳು ಜೋಡಿಸಿದಷ್ಟು ಗಾತ್ರ, ಅದಕ್ಕಿಂತ ಬೆಳೆಯಲಿಲ್ಲ.

ಸಂಬಂಧ ಕೂಡಿದ ಮೇಲೆ ತಿಮ್ಮಾಜಮ್ಮ ಅಂಗಡಿಗೆ ಬಂದವಳೇ ಸ್ಟೂಲು ಎಳೆದುಕೊಂಡು ಕೂತಳು.

"ನೋಡೇ ದೇವೀರಿ, ನಮ್ಮ ಹಾವಿಗೆ ಇಲಿಮರಿ ಗಿಲಿಮರಿ ಹಾಕಿ ಮಾನ ಕಳೀಬೇಡ. ನೆಂಟರೆಲ್ಲ ನೋಡ್ತಾರೆ. ಬಲಿತ ಇಲೀನೇ ಬೇಕು."

"ಜವರಪ್ಪನ ಹಾವಿನ ನಡು ನೋಡಿದೀಯ? ಬಲಿತ ಇಲಿ ಅದರ ಗಂಟಲಲ್ಲಿ ಇಳಿಯುತ್ತಾ?"

"ಅದು ನಿನ್ನ ಪಾಡು. ಆರಿಸೋಳು ನೀನಲ್ವಾ? ಊರೆಲ್ಲ ನಿನ್ನ ಹೊಗಳ್ತಾರೆ, ಅದೇನು ಆರಿಸ್ತೀಯೋ ನೋಡೇಬಿಡ್ತೀನಿ," ಅಂದು ಎದ್ದು ಹೋದಳು.

ಸವಾಲು ಹಾಕಿದರೆ ನನಗೆ ಖುಷಿ. ನನ್ನ ಹತ್ತಿರ ಒಂದು ಕಂದು ಬಣ್ಣದ ಹೆಣ್ಣಿಲಿ ಇತ್ತು. ಅದರ ಮರಿಗಳಿಗೆ ಹೆದರಿಕೆ ಅನ್ನುವುದೇ ಇರಲಿಲ್ಲ, ಬಂದವರ ಬೆರಳು ಮೂಸಿ, ಯಾರಪ್ಪಾ ನೀನು ಅಂತ ಕೇಳುವ ಹಾಗೆ ಮುಖ ನೋಡುತ್ತಿದ್ದವು. ಮದುವೆ ಮನೆಗೆ ಇದಕ್ಕಿಂತ ಒಳ್ಳೆಯ ಗುಣ ಎಲ್ಲಿ ಸಿಗುತ್ತದೆ? ಅದರಲ್ಲಿ ಒಂದು ಗುಂಡಗೆ ಬೆಣ್ಣೆ ಮುದ್ದೆಯ ಹಾಗೆ ಬೆಳೆದಿತ್ತು. ಅದೇ ಹೊಟ್ಟೆಯ ಕೊನೆಯದು ಬಡಕಲು, ಬಲಿತಿದ್ದರೂ ಅರ್ಧ ಗಾತ್ರ. ದಪ್ಪದ್ದು ತಿಮ್ಮಾಜಮ್ಮನ ಹಾವಿಗೆ, ಬಡಕಲು ಜವರಪ್ಪನ ಹಾವಿಗೆ. ಎರಡೂ ಬಲಿತವು, ಎರಡೂ ಒಡಹುಟ್ಟಿದವು, ಎರಡೂ ನಡುವಿನ ಅಳತೆಗೆ ಸರಿ. ನನಗೆ ನಾನೇ ಭೇಷ್ ಅಂದುಕೊಂಡೆ.

ಆ ದಿನ ಬೆಳಗ್ಗೆ ಜವರಪ್ಪ ಒಗೆದ ಪಂಚೆ ಉಟ್ಟುಕೊಂಡು ಬುಟ್ಟಿ ತೆಗೆದುಕೊಂಡು ಹೋಗಲು ಬಂದ. ಒಳಗೆ ಇಣುಕಿ ನೋಡಿ ಮುಖ ಸಣ್ಣ ಮಾಡಿಕೊಂಡ.

"ಅಕ್ಕ, ನಮಗೆ ಈ ಬಡಕಲಾ?"

"ಹೂಂ. ಯಾಕೆ?"

"ನಮ್ಮ ಹಾವು ಬಡಕಲು ತಿಂದ್ರೆ ನನ್ನ ಮಗಳು ಆ ಮನೇಲಿ ಯಾವಾಗ್ಲೂ ಬಡಕಲಾಗೇ ಇರ್ಬೇಕಾಗುತ್ತಲ್ಲ. ಅವ್ರು ಮೊದಲೇ ದೊಡ್ಡವ್ರು. ಎಲ್ಲಾರೂ ತುಳೀತಾರೆ."

"ಅಯ್ಯೋ ನಿನ್ನ! ಮೈಯಿನ ದಪ್ಪ ಬರಲ್ಲ ಕಣೋ, ಗುಣ ಬರೋದು. ಇದು ಒಂಬತ್ತು ಜನರ ಜೊತೆ ಹೊಡೆದಾಡಿ ಹಾಲು ಕುಡಿದ ಜೀವ, ಇದಕ್ಕಿಂತ ಗಟ್ಟಿ ಬೇಕಾ ನಿನಗೆ? ಸುಮ್ನೆ ತಗೊಂಡು ಹೋಗಿ ಮನೇಲಿಡು. ಮುಚ್ಚಳ ಮುಟ್ಟಬೇಡ. ನಾನು ಇವಕ್ಕೆಲ್ಲ ಕಾಳು ಹಾಕಿ ಹಿಂದೇನೇ ಬರ್ತೀನಿ."

"ಸರಿ ಅಕ್ಕ," ಅಂದ. ತಲೆಯನ್ನೂ ಆಡಿಸಿದ. ತಲೆ ಆಡಿಸುವ ಗಂಡಸರನ್ನು ನಂಬಬಾರದು ಅಂತ ನನ್ನ ತಾಯಿ ಯಾಕೆ ಹೇಳಿಕೊಡಲಿಲ್ಲವೋ!

ನಾನಿನ್ನೂ ಕಾಳು ಹಾಕಿ ಮುಗಿಸಿರಲಿಲ್ಲ, ವನಜ ಬರಿಗಾಲಲ್ಲಿ ಓಡಿ ಬಂದಳು. ಮದುವಣಗಿತ್ತಿ ಆಗಬೇಕಾದವಳ ಜಡೆ ಬಿಚ್ಚಿಹೋಗಿತ್ತು.

"ದೊಡ್ಡವ್ವ, ಬೇಗ ಬಾ. ಅಪ್ಪ ದಪ್ಪ ಇಲೀನೇ ಗುಡಾಣಕ್ಕೆ ಬಿಟ್ಟು ಮುಚ್ಚಳ ಹಾಕಿ, ಹೂ ತರಕ್ಕೆ ಹೋಗ್ಬಿಟ್ಟಿದ್ದ. ಒಳಗೆ ಏನೋ ಸದ್ದು ಕೇಳಿ ನಾನು ತೆಗೆದು ನೋಡಿದ್ರೆ..."

ನಾನು ಇಕ್ಕಳ ಎತ್ತಿಕೊಂಡು ಅವಳಿಗಿಂತ ಮುಂದೆ ಓಡಿದೆ. ಈ ವಯಸ್ಸಿನಲ್ಲಿ ನಾನು ಓಡಿದ್ದನ್ನು ನೋಡಿ ಸಂತೆಬೀದಿಯವರೆಲ್ಲ ಎದ್ದು ನಿಂತರು. ಗುಡಾಣದೊಳಗೆ ಹಾವು ತಲೆಯನ್ನು ಸುರುಳಿಯ ಕೆಳಗೆ ಹುದುಗಿಸಿಕೊಂಡು ಮಲಗಿತ್ತು. ಬೆನ್ನಿನ ಮೇಲೆ ಕಡಲೆಬೀಜದಷ್ಟು ಮಾಂಸ ಇರಲಿಲ್ಲ. ಆ ದಪ್ಪ ಇಲಿ ಪಕ್ಕದಲ್ಲೇ ಕೂತು ಮೀಸೆ ತೀಡಿಕೊಳ್ಳುತ್ತಿತ್ತು. ಇಲಿಯದೇನು ತಪ್ಪು? ಹೆದರದ ಜಾತಿ ಅಂತ ನಾನೇ ಆರಿಸಿದ್ದು. ಅದನ್ನು ಹಿಡಿದು ಬುಟ್ಟಿಗೆ ಹಾಕಿ, ಹಾವನ್ನು ಎತ್ತಿ, ಅರಿಶಿನ ಕದಡಿದ ಉಗುರು ಬೆಚ್ಚನೆ ನೀರಿನಲ್ಲಿ ಗಾಯ ತೊಳೆದೆ. ಹಳೇ ಮಲ್ಲು ಪಂಚೆ ಹಾಸಿ ಮಲಗಿಸಿದೆ. ಅದು ನಾಲಿಗೆ ಚಾಚಿತು.

"ಸಾಯಲ್ಲ," ಅಂದೆ. "ಆದ್ರೆ ಗಾಯ ಮಾಯೋ ತನಕ ಏನೂ ತಿನ್ನಲ್ಲ. ಬಲವಂತ ಮಾಡಿದ್ರೆ ಸಾಯುತ್ತೆ."

ಅಷ್ಟು ಹೊತ್ತಿಗೆ ಜವರಪ್ಪ ಕೈಯಲ್ಲಿ ಮಲ್ಲಿಗೆ ಹೂವಿನ ಪೊಟ್ಟಣ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ನನ್ನ ಮಾತು ಕೇಳಿ ಅಲ್ಲೇ ಕುಸಿದು ಕೂತ. ಹಾವು ತಿನ್ನುವುದಿಲ್ಲ ಅಂದರೆ ಸಂಬಂಧ ಮುರಿಯಿತು ಅಂತ ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ನಾನೇ ನನ್ನ ಮಗಳ ಮದುವೆ ಮುರಿದ್ನಲ್ಲಕ್ಕ! ನಾನೇ ಹೋಗಿ ಅವರ ಕಾಲಿಗೆ ಬೀಳ್ತೀನಿ."

"ನೀನು ಯಾಕೆ ಬೀಳ್ಬೇಕು? ನಾನು ಬೀಳ್ತೀನಿ," ಅಂದಳು ವನಜ. "ದೊಡ್ಡವ್ವ, ಅಪ್ಪನ್ನ ಬೈಬೇಡ."

"ಬೈಲಿ ಬಿಡಮ್ಮ. ನೀನು ಅಳಬೇಡ."

"ನೀನು ಅಳಬೇಡ ಮೊದ್ಲು."

ನನಗೆ ರೇಗಿಹೋಯಿತು. "ಇಬ್ರೂ ಬಾಯಿ ಮುಚ್ಚಿ! ಅಳೋದ್ರಲ್ಲೂ ನೀನು ತಾನು ಅಂತ ಬಿಟ್ಟುಕೊಡ್ತಾ ಕೂತಿದೀರಲ್ಲ. ವನಜ, ನನ್ನ ಮುಖ ನೋಡು. ನಿನಗೆ ಈ ಸಂಬಂಧ ಬೇಕಾ, ಬೇಡ್ವಾ? ಅಪ್ಪನಿಗೋಸ್ಕರ ಅಂತ ಹೇಳಬೇಡ, ಅವರಿಗೋಸ್ಕರ ಇವರಿಗೋಸ್ಕರ ಅಂತ ಹೇಳಬೇಡ."

ಅವಳು ಕಣ್ಣೊರೆಸಿಕೊಂಡಳು. ಅವಳ ಧ್ವನಿ ಅಷ್ಟು ಗಟ್ಟಿಯಾಗಿ ಬಂದದ್ದನ್ನು ನಾನು ಅದುವರೆಗೂ ಕೇಳಿರಲಿಲ್ಲ.

"ನನಗೆ ಕೆಂಪರಾಜೂನೇ ಬೇಕು ದೊಡ್ಡವ್ವ. ಹುಟ್ಟಿದಾಗಿಂದ ನಾನು ಎಲ್ಲಾನೂ ಬಿಟ್ಟುಕೊಟ್ಟಿದೀನಿ. ಇದೊಂದನ್ನ ಯಾರಿಗೂ ಬಿಟ್ಟುಕೊಡಲ್ಲ."

ಹಾವಿನ ಗುಣವನ್ನೂ ಮೀರಿ ಆ ಹುಡುಗಿಯ ಬಾಯಲ್ಲಿ ಆ ಮಾತು ಬಂತಲ್ಲ! ಮದುವೆ ಆಗಲೇಬೇಕು ಅಂತ ಅಲ್ಲೇ ತೀರ್ಮಾನ ಮಾಡಿದೆ. ಬುಟ್ಟಿಯಲ್ಲಿ ಆ ದಪ್ಪ ಇಲಿ ತನ್ನ ತಮ್ಮನ ಪಕ್ಕ ಒತ್ತಿಕೊಂಡು ಕೂತಿತ್ತು. ಅದರ ಹೊಟ್ಟೆಯಲ್ಲಿ ಈ ಮನೆಯ ಹಾವಿನ ಒಂದು ಚೂರು ಇದೆ ಅನ್ನುವುದು ಆಗ ನನಗೆ ಹೊಳೆಯಿತು. ಹಾವು ಇಲಿಯನ್ನು ತಿಂದರೆ ಇಲಿಯ ಗುಣ ಮನೆಗೆ ಬರುತ್ತದೆ. ಹಾವನ್ನು ತಿಂದ ಇಲಿಯನ್ನು ಇನ್ನೊಂದು ಹಾವು ತಿಂದರೆ? ಇಂಥದ್ದನ್ನು ನಾನೂ ಮಾಡಿರಲಿಲ್ಲ, ನನ್ನ ತಾಯಿಯೂ ಮಾಡಿರಲಿಲ್ಲ. ಆದರೆ ಇಲಿಯ ವಿಷಯದಲ್ಲಿ ನನಗೆ ಅನುಮಾನ ಬರುವುದು ಕಡಿಮೆ. ಬುಟ್ಟಿ ಎತ್ತಿಕೊಂಡು ಹೊರಟೆ.

ತಿಮ್ಮಾಜಮ್ಮನ ಮನೆಯಲ್ಲಿ ನೆಂಟರೆಲ್ಲ ಸೇರಿದ್ದರು. ಊಟಕ್ಕೆ ಎಲೆ ಹಾಕಿತ್ತು, ಬಡಿಸುವ ಮೊದಲೇ ಕೋಸಂಬರಿ ಪಾತ್ರೆಗೆ ನಾಲ್ಕು ಕೈ ಬಿದ್ದಿದ್ದವು. ನಾನು ಒಬ್ಬಳೇ ಬಂದದ್ದನ್ನು ನೋಡಿ ತಿಮ್ಮಾಜಮ್ಮ ಸೊಂಟಕ್ಕೆ ಕೈ ಇಟ್ಟುಕೊಂಡಳು. "ಜವರಪ್ಪ ಎಲ್ಲಿ? ಅವರ ಹಾವು ತಿಂತಾ?"

ಏನು ಕೊಡುತ್ತಿದ್ದೇನೆ ಅಂತ ಹೇಳದೆ ಕೊಡುವುದು ನನ್ನ ಅಂಗಡಿಯಲ್ಲಿ ಇಲ್ಲ. ಎಲ್ಲರೆದುರಿಗೇ ಹೇಳಿದೆ. ಇಲಿ ಅದಲುಬದಲಾದದ್ದು, ಹಾವಿಗೆ ಗಾಯ ಆದದ್ದು, ಅದು ಸದ್ಯಕ್ಕೆ ಏನೂ ತಿನ್ನುವುದಿಲ್ಲ ಅನ್ನುವುದು, ಒಂದನ್ನೂ ಮುಚ್ಚಿಡಲಿಲ್ಲ. ಕೆಂಪರಾಜನ ಮುಖ ಬಿಳುಚಿಕೊಂಡಿತು. ನೆಂಟರು ಗುಸುಗುಸು ಅಂದರು.

"ಹಂಗಾದ್ರೆ ಮುಗೀತು," ಅಂದಳು ತಿಮ್ಮಾಜಮ್ಮ. "ಪದ್ಧತಿ ಅಂದ್ರೆ ಪದ್ಧತಿ."

"ಪದ್ಧತಿ ಮಾಡಿದ್ದು ಯಾಕೆ ಹೇಳು? ಎರಡು ಮನೆ ಗುಣ ಒಂದಾಗ್ಲಿ ಅಂತ. ಈ ಇಲಿ ಹೊಟ್ಟೇಲಿ ಆ ಮನೆ ಹಾವಿನ ಮಾಂಸ ಇದೆ. ಇದನ್ನ ನಿಮ್ಮ ಹಾವಿಗೆ ಕೊಡ್ತೀನಿ. ಆ ಮನೇಲಿರೋ ಗುಣಾನೇ ಈ ಮನೆಗೆ ಬರುತ್ತೆ. ಇದಕ್ಕಿಂತ ಒಂದಾಗೋದು ಹೆಂಗೆ?"

"ಏನಿದೆ ಆ ಬೀಗದ ಮನೇಲಿ, ಇಲ್ಲಿಗೆ ಬರೋಕೆ?"

"ತಿಂದ್ರೆ ಗೊತ್ತಾಗುತ್ತೆ. ಭಯ ಆದ್ರೆ ಬೇಡ ಬಿಡು. ನಿನ್ನ ಹಾವಿಗೆ ಅರಗಿಸ್ಕೊಳ್ಳೋ ಶಕ್ತಿ ಇಲ್ಲ ಅಂತ ಊರಿಗೆ ಹೇಳ್ತೀನಿ."

"ಅವ್ವ," ಅಂದ ಕೆಂಪರಾಜ, ಅಷ್ಟೇ. ಅವಳು ಮಗನನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

"ನನಗೆ ಭಯಾನಾ? ನಮ್ಮ ಹಾವು ನಿನ್ನ ಇಕ್ಕಳ ಸಮೇತ ನುಂಗುತ್ತೆ. ಹಾಕೇ!"

ನಾನು ಹಿತ್ತಲಿಗೆ ಹೋಗಿ ಇಲಿಯನ್ನು ಕೊಂದು, ಬೆಚ್ಚಗೆ ಮಾಡಿ ತಂದು ಇಕ್ಕಳದಲ್ಲಿ ಹಿಡಿದೆ. ಒನಕೆ ಗಾತ್ರದ ಹಾವು ತಲೆಯೆತ್ತಿ, ನಾಲಿಗೆ ಚಾಚಿ, ಒಂದೇ ಸಲಕ್ಕೆ ಎಳೆದುಕೊಂಡಿತು. ಉಬ್ಬು ಗಂಟಲು ದಾಟಿ ನಡುವಿಗೆ ಇಳಿಯುವ ತನಕ ನಾನು ಅಲ್ಲಿಂದ ಕದಲುವುದಿಲ್ಲ, ಅದು ನನ್ನ ನಿಯಮ. ಗುಡಾಣದ ಪಕ್ಕ ಕೂತೆ. ನಡುಮನೆಯಲ್ಲಿ ಊಟಕ್ಕೆ ಕೂತರು. ಬಡಕಲು ಇಲಿ ಬುಟ್ಟಿಯಲ್ಲಿ ಒಂದೇ ಕೂತಿತ್ತು, ಅದಕ್ಕೆ ಎರಡು ಅಗುಳು ಅನ್ನ ಹಾಕಿದೆ.

ಉಬ್ಬು ನಡು ಮುಟ್ಟಿದಾಗ ನಡುಮನೆಯ ಗದ್ದಲ ನಿಂತಿತು. ಎದ್ದು ಹೋಗಿ ನೋಡಿದರೆ ಕೋಸಂಬರಿ ಪಾತ್ರೆಯ ಮೇಲೆ ಚಾಚಿದ್ದ ಕೈಗಳು ಹಾಗೇ ಹಿಂದೆ ಹೋಗುತ್ತಿದ್ದವು. "ನೀವು ತಗೊಳ್ಳಿ ಭಾವ." "ಛೆ ಛೆ, ನಿಮಗೇ ಮೊದ್ಲು." ತೋಳಿನಿಂದ ಎಲೆ ಬಳಸಿಕೊಂಡಿದ್ದ ಚಿಕ್ಕಪ್ಪ ತನ್ನ ಹೋಳಿಗೆಯನ್ನು ಎತ್ತಿ ಪಕ್ಕದವನ ಎಲೆಗೆ ಇಟ್ಟ, ಅವನು ಅದನ್ನು ಆಚೆಯವನಿಗೆ ಇಟ್ಟ. ಹೋಳಿಗೆ ಸಾಲು ಪೂರ್ತಿ ಸುತ್ತಿ ಬಂತು, ತಿಂದವರಿಲ್ಲ. ಸಾರು ಆರುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ, ಕಂಬದ ಹಿಂದೆ ನಿಂತು ಬಾಯಿಗೆ ಸೆರಗು ತುರುಕಿಕೊಂಡೆ.

ಆಮೇಲೆ ಚೆಲುವಯ್ಯ ಎದ್ದ. ಹೆಂಡತಿಯ ಕೈಯಿಂದ ಸೌಟು ತೆಗೆದುಕೊಂಡ. "ತಿಮ್ಮಾಜಿ, ನೀನು ಕೂತ್ಕೊ," ಅಂದ. ಅವಳು ದಬಾಯಿಸುತ್ತಾಳೆ ಅಂದುಕೊಂಡೆ. ಅವಳು ಕೂತಳು. ಅವನು ಎಲೆ ಹಾಕಿ, ನೀರು ಚಿಮುಕಿಸಿ, ಒಂದೊಂದೇ ಬಡಿಸಿದ. ಉಪ್ಪಿನಕಾಯಿ ಸಹ ಮರೆಯಲಿಲ್ಲ. ಅವಳು ಎಲೆಯನ್ನೇ ನೋಡುತ್ತಾ ಕೂತಿದ್ದಳು, ಕೈ ಹಾಕಲಿಲ್ಲ. ಕಣ್ಣಿಂದ ನೀರು ಅನ್ನದ ಮೇಲೆ ಬಿತ್ತು.

"ನಾನು ಈ ಮನೆಗೆ ಬಂದಾಗ ನನಗೆ ಎಲೆ ಹಾಕೋರೇ ಇರ್ಲಿಲ್ಲ," ಅಂದಳು, ಯಾರಿಗೆ ಅಂತಲ್ಲ. "ಎಲ್ಲರದ್ದೂ ಆದ ಮೇಲೆ ತಳ ಕೆರೆದು ತಿನ್ಬೇಕಿತ್ತು. ಒಂದಿನ ಹಸಿವು ತಡೀಲಾರದೆ ಕಿತ್ಕೊಂಡು ತಿಂದೆ. ಆಮೇಲೆ ಹೆಗ್ಗಣ ತಂದು ಹಾಕಕ್ಕೆ ಶುರು ಮಾಡ್ದೆ. ಅವತ್ತಿಂದ ಯಾರೂ ನನ್ನ ಹಸಿವು ಕೇಳಿಲ್ಲ, ನಾನೂ ಯಾರದ್ದನ್ನೂ ಕೇಳಿಲ್ಲ."

ಚೆಲುವಯ್ಯ ಅವಳ ಅನ್ನಕ್ಕೆ ಇನ್ನೊಂದು ಸೌಟು ತುಪ್ಪ ಹಾಕಿದ. ಅವಳು ತಿಂದಳು. ನಿಧಾನವಾಗಿ, ಯಾರೂ ಕಿತ್ತುಕೊಳ್ಳುವುದಿಲ್ಲ ಅನ್ನುವ ನಂಬಿಕೆಯಿಂದ, ಪೂರ್ತಿ ತಿಂದಳು. ಎದ್ದು ಕೈ ತೊಳೆದವಳೇ ಮುದ್ದೆ, ಅನ್ನ, ಸಾರು, ಹೋಳಿಗೆ ಎಲ್ಲ ಪಾತ್ರೆಗೆ ತುಂಬಿಸಿಕೊಂಡು, "ನಡಿಯೇ ದೇವೀರಿ," ಅಂದಳು.

ಜವರಪ್ಪ ಬಾಗಿಲಲ್ಲಿ ಅವಳನ್ನು ನೋಡಿ ಗೋಡೆಗೆ ಅಂಟಿಕೊಂಡು ನಿಂತ. ತಿಮ್ಮಾಜಮ್ಮ ಅವನ ಕಡೆ ನೋಡದೆ ನೇರವಾಗಿ ಒಳಗೆ ಹೋಗಿ, ಪಂಚೆಯ ಮೇಲೆ ಮಲಗಿದ್ದ ಸಣ್ಣ ಹಾವಿನ ಮುಂದೆ ಕುಕ್ಕರಗಾಲಲ್ಲಿ ಕೂತು ಗಾಯ ನೋಡಿದಳು. "ಪಾಪದ್ದು," ಅಂದಳು. ಆಮೇಲೆ ಎರಡು ಎಲೆ ಕೇಳಿ ಹಾಕಿದಳು.

"ಅಪ್ಪ ಮೊದ್ಲು ಊಟ ಮಾಡ್ಲಿ," ಅಂದಳು ವನಜ.

"ಮಗಳು ಮೊದ್ಲು," ಅಂದ ಜವರಪ್ಪ.

"ಇಬ್ರೂ ಒಟ್ಟಿಗೆ ಕೂತ್ಕೊಳ್ಳಿ. ನಿಮ್ಮ ರೋಗ ಈಗ ನಮ್ಮ ಮನೇಲೂ ಇದೆ, ನನಗೆ ಗೊತ್ತು ಅದರ ಪಾಡು," ಅಂದು ಇಬ್ಬರ ಎಲೆಗೂ ಒಂದೇ ಸಲ ಎರಡೂ ಕೈಯಲ್ಲಿ ಮುದ್ದೆ ಇಟ್ಟಳು. ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬೇರೆ ದಾರಿ ಕಾಣದೆ ತಿನ್ನಲು ಶುರು ಮಾಡಿದರು. ಇಬ್ಬರಿಗೂ ಎಷ್ಟು ಹಸಿವಾಗಿತ್ತು ಅನ್ನುವುದು ಆಗ ಗೊತ್ತಾಯಿತು.

"ದೇವೀರಿ, ಈ ಗುಣ ಎಷ್ಟು ದಿನ ಇರುತ್ತೆ?"

"ನಿಮ್ಮ ಹಾವಿಗೆ ಮತ್ತೆ ಹಸಿವಾಗೋ ತನಕ. ದೊಡ್ಡ ಹಾವು, ಹದಿನೈದಿಪ್ಪತ್ತು ದಿನ ಅನ್ಕೋ."

"ಅಷ್ಟರೊಳಗೆ ಮದುವೆ ಮಾಡಿಬಿಡಣ. ಆಮೇಲೆ ನನ್ನ ಬುದ್ಧಿ ನನಗೇ ಗೊತ್ತು. ಹಾವಿಗೆ ಹಸಿವಾದ ತಕ್ಷಣ ನಿನ್ನ ಅಂಗಡೀಗೆ ಬಂದು ಹೆಗ್ಗಣ ಕೊಡು ಅಂತ ಕೂತ್ಕೊಳ್ತೀನಿ. ಕೊಡಬೇಡ. ಬೈದ್ರೂ ಕೊಡಬೇಡ. ಇನ್ನು ಮೇಲೆ ನಮ್ಮ ಹಾವಿಗೆ ಇಲಿ ಆರಿಸೋಳು ಈ ಹುಡುಗಿ. ನಾನು ಹೇಳಿದ್ದಕ್ಕೆ ನೀನೇ ಸಾಕ್ಷಿ."

ವನಜಳ ಕೈ ತುತ್ತಿನ ಮೇಲೆ ನಿಂತಿತು. ಅವಳು ನನ್ನ ಮುಖ ನೋಡಿದಳು, ಆಮೇಲೆ ತಿಮ್ಮಾಜಮ್ಮನ ಮುಖ ನೋಡಿದಳು.

"ಎಂಥದ್ದನ್ನ ಆರಿಸ್ಲಿ ಅತ್ತೆ?"

ತಿಮ್ಮಾಜಮ್ಮ ಸಾರಿನ ಪಾತ್ರೆ ಬಗ್ಗಿಸಿ ಅವಳ ಎಲೆಗೆ ಇನ್ನಷ್ಟು ಬಡಿಸಿದಳು.

"ನನ್ನ ಯಾಕೆ ಕೇಳ್ತೀಯ? ನಿನಗೆ ಎಂಥ ಅತ್ತೆ ಬೇಕೋ ಅಂಥದ್ದನ್ನ ಆರಿಸ್ಕೊ."